ಲೈಫ್‌ಟೈಮ್ ಗ್ಯಾರಂಟಿ ನಂಬಿ ಟೂಲ್ ಕೊಳ್ಳುವ ಮುಂಚೆ: ಮನೆಯಲ್ಲೇ ಕಾರು ರಿಪೇರಿ ಮಾಡುವವರಿಗೆ ಮಾರ್ಗದರ್ಶಿ

ಸಾಕೆಟ್ ಸೆಟ್‌ನ ಡಬ್ಬದ ಮೇಲೆ ‘ಲೈಫ್‌ಟೈಮ್ ಗ್ಯಾರಂಟಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಓದಿದ ಕೂಡಲೇ ಅರ್ಧ ಮನಸ್ಸು ಒಪ್ಪಿಬಿಡುತ್ತದೆ. ಅಷ್ಟು ಧೈರ್ಯವಾಗಿ ಹೇಳುತ್ತಾರೆ ಅಂದಮೇಲೆ ಗಟ್ಟಿ ಮಾಲೇ ಇರಬೇಕು, ಅಲ್ವಾ? ಹಾಗೇನಿಲ್ಲ. ಆ ಮಾತು ಉಕ್ಕಿನ ಬಗ್ಗೆ ಏನೂ ಹೇಳುವುದಿಲ್ಲ. ಟೂಲ್ ಮುರಿದ ಮೇಲೆ ಕಂಪನಿ ಏನು ಮಾಡುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಸಾಧಾರಣ ಉಕ್ಕಿನ ಸ್ಪ್ಯಾನರ್‌ಗೂ ಲೈಫ್‌ಟೈಮ್ ಗ್ಯಾರಂಟಿ ಇರಬಹುದು. ಬಹಳ ಒಳ್ಳೆಯ ಟಾರ್ಕ್ ರೆಂಚ್‌ಗೆ (ನಟ್ಟನ್ನು ನಾವು ಇಟ್ಟ ಅಳತೆಗೆ ಬಿಗಿ ಮಾಡುವ ಟೂಲ್) ಒಂದೇ ವರ್ಷದ ಗ್ಯಾರಂಟಿ ಇರಬಹುದು.

ಮನೆಯಲ್ಲಿ ಆಯಿಲ್ ಬದಲಿಸುವವರು, ಬ್ರೇಕ್ ಪ್ಯಾಡ್ ಹಾಕಿಕೊಳ್ಳುವವರು ಇನ್ನೂ ಒಂದು ವಿಷಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗ್ಯಾರೇಜಿನಲ್ಲಿ ಒಂದು ಸಾಕೆಟ್ ಸೀಳಿದರೆ ಪಕ್ಕದ ಡ್ರಾಯರ್‌ನಲ್ಲಿ ಇನ್ನೊಂದು ಇರುತ್ತದೆ. ಮನೆಯಲ್ಲಿ ಇರುವುದೇ ಒಂದು. ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಕಳಚಿಟ್ಟಾಗ ಆ ಒಂದು ಸಾಕೆಟ್ ಸೀಳಿತು ಅನ್ನಿ. ಬದಲಿ ತರೋಕೆ ಹೋಗಬೇಕಾದ ಕಾರೇ ಸ್ಟ್ಯಾಂಡ್ ಮೇಲೆ ಕೂತಿರುತ್ತದೆ. ಗ್ಯಾರಂಟಿ ಕಾರ್ಡು ಆ ಹೊತ್ತಿಗೆ ಕಾಗದದ ಚೂರು ಅಷ್ಟೇ. ಹಾಗಾಗಿ ಮೊದಲು ಬಾಳಿಕೆ ನೋಡಿ, ಆಮೇಲೆ ಗ್ಯಾರಂಟಿ ಓದಿ.

ಹಂತ 1: ಯಾವ ಟೂಲ್ ಹೇಗೆ ಹಾಳಾಗುತ್ತದೆ ಅಂತ ವಿಂಗಡಿಸಿ

ಎಲ್ಲ ಟೂಲ್‌ಗಳೂ ಒಂದೇ ರೀತಿ ಹಾಳಾಗುವುದಿಲ್ಲ. ಗ್ಯಾರಂಟಿ ಯಾವುದಕ್ಕೆ ಉಪಯೋಗ, ಯಾವುದಕ್ಕೆ ಇಲ್ಲ ಅನ್ನುವುದು ಇಲ್ಲಿಂದಲೇ ಗೊತ್ತಾಗುತ್ತದೆ.

ರಿಂಗ್ ಸ್ಪ್ಯಾನರ್ ಮುರಿಯುವುದು ಅಪರೂಪ. ಓಪನ್ ಸ್ಪ್ಯಾನರ್‌ನ ಬಾಯಿ ಮಾತ್ರ ನಿಧಾನವಾಗಿ ಅಗಲವಾಗುತ್ತದೆ. ಕಣ್ಣಿಗೆ ಕಾಣದಷ್ಟು ಅಗಲವಾದರೂ ಸಾಕು, ನಟ್‌ನ ಮೂಲೆಗಳನ್ನು ತಿನ್ನೋಕೆ ಶುರು ಮಾಡುತ್ತದೆ. ಅದು ಮುರಿದಿಲ್ಲ, ಆದರೆ ಕೆಲಸಕ್ಕೂ ಬರುವುದಿಲ್ಲ. ಇದನ್ನು ‘ಸಹಜ ಸವೆತ’ ಅಂತ ಕಂಪನಿ ವಾದಿಸಬಹುದು.

ಸಾಕೆಟ್ ಒಳಗಿನ ಮೂಲೆಯಿಂದ ಸೀಳುತ್ತದೆ. ಇದು ಸ್ಪಷ್ಟವಾಗಿ ಕಾಣುವ ಮುರಿತ. ಲೈಫ್‌ಟೈಮ್ ಗ್ಯಾರಂಟಿ ಚೆನ್ನಾಗಿ ಕೆಲಸ ಮಾಡುವ ಜಾಗ ಇದೇ. ಹಾಗಂತ ಮನೆಯ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಮಾಯವಾಗುವ 10 ಮಿ.ಮೀ. ಸಾಕೆಟ್‌ಗೆ ಯಾವ ಗ್ಯಾರಂಟಿಯೂ ಸಿಗುವುದಿಲ್ಲ. ಅದು ಸೀಳುವುದಿಲ್ಲ, ಎಂಜಿನ್ ಸಂದಿಯೊಳಗೆ ಬಿದ್ದು ಕಳೆದುಹೋಗುತ್ತದೆ. ಎರಡು ಇಟ್ಟುಕೊಳ್ಳಿ.

ಸಾಕೆಟ್ ತಿರುಗಿಸುವ ಹಿಡಿಯೇ ರ್ಯಾಚೆಟ್. ಅದರ ಒಳಗೆ ಹಲ್ಲುಗಳಿವೆ, ಆ ಹಲ್ಲಿಗೆ ಕೊಕ್ಕೆಯಂತೆ ಕೂರುವ ಪಾಲ್ ಇದೆ, ಸಣ್ಣ ಸ್ಪ್ರಿಂಗ್ ಇದೆ. ಇಡೀ ಸೆಟ್‌ನಲ್ಲಿ ಚಲಿಸುವ ಭಾಗಗಳು ಇರುವುದು ಇದರಲ್ಲೇ. ಹಾಗಾಗಿ ಮೊದಲು ಕೈಕೊಡುವುದೂ ಇದೇ. ಗ್ಯಾರಂಟಿಗೆ ನಿಜವಾದ ಬೆಲೆ ಬರುವುದು ರ್ಯಾಚೆಟ್ ವಿಷಯದಲ್ಲಿ. ಸೆಟ್ ಕೊಳ್ಳುವಾಗ ಬೇರೆ ಏನನ್ನೂ ಓದದಿದ್ದರೂ ರ್ಯಾಚೆಟ್ ಬಗ್ಗೆ ಗ್ಯಾರಂಟಿ ಏನು ಹೇಳುತ್ತದೆ ಅಂತ ಓದಿ.

ಸ್ಕ್ರೂ ಡ್ರೈವರ್ ತುದಿ ತಿರುಚುತ್ತದೆ ಇಲ್ಲವೇ ಉರುಟಾಗುತ್ತದೆ. ಇಕ್ಕಳದ ಕತ್ತರಿಸುವ ಅಂಚಿನಲ್ಲಿ ಚೂರು ಏಳುತ್ತದೆ, ಮಧ್ಯದ ಕೀಲು ಸಡಿಲವಾಗುತ್ತದೆ. ಟಾರ್ಕ್ಸ್ (ನಕ್ಷತ್ರದ ಆಕಾರ) ಮತ್ತು ಅಲೆನ್ (ಆರು ಮೂಲೆ) ಬಿಟ್‌ಗಳು ಪಟಕ್ಕನೆ ಮುರಿಯುತ್ತವೆ. ಬಿಟ್, ಬ್ಲೇಡ್, ಅರ ಇವನ್ನೆಲ್ಲ ಹೆಚ್ಚಿನ ಕಂಪನಿಗಳು ಸವೆದು ಖರ್ಚಾಗುವ ಸಾಮಾನು ಅಂತಲೇ ಎಣಿಸುತ್ತವೆ. ಲೈಫ್‌ಟೈಮ್ ಗ್ಯಾರಂಟಿಯಿಂದ ಹೊರಗಿಡುತ್ತವೆ.

ಟಾರ್ಕ್ ರೆಂಚ್ ಕಥೆಯೇ ಬೇರೆ. ಅದು ಮುರಿಯುವುದಿಲ್ಲ, ಸುಮ್ಮನೆ ಸುಳ್ಳು ಹೇಳೋಕೆ ಶುರು ಮಾಡುತ್ತದೆ. ಕ್ಲಿಕ್ ಅನ್ನುತ್ತದೆ, ಆದರೆ ನೀವು ಇಟ್ಟ ಅಳತೆಗೆ ಅಲ್ಲ. ಒಳಗಿನ ಸ್ಪ್ರಿಂಗ್ ದಣಿದಿರುತ್ತದೆ. ಅದಕ್ಕೇ ಇದಕ್ಕೆ ಗ್ಯಾರಂಟಿ ಅವಧಿ ಸಣ್ಣದಿರುತ್ತದೆ. ಇದರಲ್ಲಿ ಮೋಸ ಏನಿಲ್ಲ, ಉಪಕರಣದ ಸ್ವಭಾವವೇ ಹಾಗೆ.

ಹಂತ 2: ಉಕ್ಕು ನೋಡಿ, ಕಟ್ಟು ನೋಡಿ

ಕೈಯಿಂದ ತಿರುಗಿಸುವ ಸ್ಪ್ಯಾನರ್, ಸಾಕೆಟ್‌ಗಳು ಬಹುತೇಕ ಕ್ರೋಮ್ ವನೇಡಿಯಮ್ ಉಕ್ಕಿನವು. ಹೊಳೆಯುವ ಲೇಪನ ತುಕ್ಕು ತಡೆಯೋಕೆ ಇರುವುದು, ಬಲಕ್ಕಲ್ಲ. ಏರ್ ಗನ್ ಅಥವಾ ಬ್ಯಾಟರಿ ಇಂಪ್ಯಾಕ್ಟ್ ಗನ್‌ಗೆ ಮಾಡಿದ ಸಾಕೆಟ್‌ಗಳು ಕಪ್ಪಗಿರುತ್ತವೆ, ಗೋಡೆ ದಪ್ಪ ಇರುತ್ತದೆ, ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನವು. ಒಳ್ಳೆಯ ಸ್ಕ್ರೂ ಡ್ರೈವರ್ ಬಿಟ್‌ಗಳಿಗೆ ಎಸ್2 ಅನ್ನುವ ಗಟ್ಟಿ ಟೂಲ್ ಸ್ಟೀಲ್ ಬಳಸುತ್ತಾರೆ.

ಉಕ್ಕಿನ ಹೆಸರೊಂದೇ ಬಾಳಿಕೆ ಹೇಳುವುದಿಲ್ಲ. ಅದನ್ನು ಎಷ್ಟು ಕಾಯಿಸಿ, ಹೇಗೆ ತಣಿಸಿ ಹದ ಮಾಡಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಹೇಳುತ್ತಾರೆ. ಸ್ಪ್ಯಾನರ್‌ಗಳು ಸಾಮಾನ್ಯವಾಗಿ 40ರಿಂದ 48ರ ಆಸುಪಾಸು ಇರುತ್ತವೆ. ಎಸ್2 ಬಿಟ್‌ಗಳು 58ರಿಂದ 62ರವರೆಗೆ ಹೋಗುತ್ತವೆ. ಎಲ್ಲವನ್ನೂ 60ಕ್ಕೆ ಏರಿಸಿಬಿಡಬಾರದಾ ಅಂತ ಅನ್ನಿಸಬಹುದು. ಗಡಸು ಜಾಸ್ತಿಯಾದಷ್ಟೂ ಲೋಹ ಬಾಗುವ ಗುಣ ಕಳೆದುಕೊಳ್ಳುತ್ತದೆ, ಗಾಜಿನ ಹಾಗೆ ಸಿಡಿಯುತ್ತದೆ. ಬಿಟ್‌ನ ತುದಿ ಸವೆಯಬಾರದು, ಅದಕ್ಕೆ ಗಡಸು ಬೇಕು. ಸ್ಪ್ಯಾನರ್ ಮಾತ್ರ ಮಿತಿ ಮೀರಿದ ಭಾರ ಬಿದ್ದಾಗ ಸಿಡಿಯದೆ ಬಾಗಬೇಕು. ಬಾಗಿದ ಸ್ಪ್ಯಾನರ್ ನಿಮಗೆ ಎಚ್ಚರಿಕೆ ಕೊಡುತ್ತದೆ. ಸಿಡಿದದ್ದು ಬೆರಳಿನ ಗೆಣ್ಣು ಒಡೆಯುತ್ತದೆ.

ಹೊಳೆಯುವ ಸಾಕೆಟ್ಟನ್ನು ಇಂಪ್ಯಾಕ್ಟ್ ಗನ್‌ಗೆ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಗನ್ ತಿರುಗಿಸುವುದು ಮಾತ್ರವಲ್ಲ, ಒಂದರ ಮೇಲೊಂದು ಪೆಟ್ಟು ಕೊಡುತ್ತದೆ. ಕೈ ಸಾಕೆಟ್‌ನ ತೆಳು ಗೋಡೆ ಆ ಪೆಟ್ಟಿಗೆ ಬಿರುಕು ಬಿಟ್ಟು ಚೂರುಗಳು ಹಾರಬಹುದು. ಕಣ್ಣಿಗೂ ಅಪಾಯ, ಗ್ಯಾರಂಟಿಯೂ ಅಲ್ಲಿಗೆ ಮುಗಿಯಿತು. ಇಂಪ್ಯಾಕ್ಟ್ ಸಾಕೆಟ್ಟನ್ನು ಕೈ ರ್ಯಾಚೆಟ್‌ಗೆ ಹಾಕಿದರೆ ತೊಂದರೆ ಇಲ್ಲ, ದಪ್ಪ ಇರುವುದರಿಂದ ಇಕ್ಕಟ್ಟಿನಲ್ಲಿ ಹೋಗುವುದಿಲ್ಲ ಅಷ್ಟೇ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಬೇಕಾದ್ದು ಕೆಲವು ಇವೆ.

ಸಾಕೆಟ್ ಒಳಗೆ 6 ಮೂಲೆ ಇದೆಯೋ 12 ಇದೆಯೋ ಎಣಿಸಿ. ಮನೆ ಕೆಲಸಕ್ಕೆ 6 ಮೂಲೆಯದ್ದೇ ವಾಸಿ. ತುಕ್ಕು ಹಿಡಿದ ನಟ್ಟನ್ನು ಅದು ಹೆಚ್ಚು ಜಾಗದಲ್ಲಿ ಹಿಡಿಯುತ್ತದೆ. 12 ಮೂಲೆಯದ್ದು ಸಂದಿಯಲ್ಲಿ ಬೇಗ ಕೂರುತ್ತದೆ, ಆದರೆ ಮೂಲೆ ಸವೆದ ನಟ್ ಮೇಲೆ ಬೇಗ ಜಾರುತ್ತದೆ. ಕೆಲವು ಕಾರುಗಳಲ್ಲಿ ಬೋಲ್ಟಿನ ತಲೆಯೇ 12 ಮೂಲೆಯದ್ದಿರುತ್ತದೆ. ಅದಕ್ಕೆ ಮಾತ್ರ 12 ಬೇಕೇ ಬೇಕು. ಸಾಕೆಟ್‌ನ ಒಳಮೂಲೆಗಳು ಚೂಪಾಗಿರದೆ ಸ್ವಲ್ಪ ಕಮಾನಿನಂತೆ ಇದ್ದರೆ ಇನ್ನೂ ಒಳ್ಳೆಯದು. ಆಗ ಒತ್ತಡ ನಟ್‌ನ ಮೂಲೆಗೆ ಬೀಳದೆ ಬದಿಗೆ ಬೀಳುತ್ತದೆ. ನಟ್ ಉಳಿಯುತ್ತದೆ, ಸಾಕೆಟ್ ಮೂಲೆಯಿಂದ ಸೀಳುವುದೂ ಕಡಿಮೆ.

ರ್ಯಾಚೆಟ್‌ನಲ್ಲಿ ಹಲ್ಲು ಎಷ್ಟು ಅಂತ ಕೇಳಿ. 36 ಹಲ್ಲಿದ್ದರೆ ಪ್ರತಿ ಕ್ಲಿಕ್‌ಗೆ ಹಿಡಿ 10 ಡಿಗ್ರಿ ತಿರುಗಬೇಕು. 72 ಇದ್ದರೆ 5 ಡಿಗ್ರಿ, 120 ಇದ್ದರೆ 3 ಡಿಗ್ರಿ ಸಾಕು. ಎಂಜಿನ್ ಪಕ್ಕದ ಸಂದಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಹಲ್ಲು ಜಾಸ್ತಿಯಾದಷ್ಟೂ ಒಂದೊಂದು ಹಲ್ಲು ಸಣ್ಣದಾಗುತ್ತದೆ. ಅಗ್ಗದ 120 ಹಲ್ಲಿನ ರ್ಯಾಚೆಟ್‌ಗಿಂತ ಸರಿಯಾಗಿ ಮಾಡಿದ 72 ಹಲ್ಲಿನದ್ದನ್ನೇ ನಾನು ಆರಿಸುತ್ತೇನೆ. ತಲೆಯ ಹಿಂದೆ ಸ್ಕ್ರೂ ಅಥವಾ ಲಾಕ್ ರಿಂಗ್ ಇದ್ದು ಬಿಚ್ಚೋಕೆ ಬರುವಂತಿದ್ದರೆ, ಆ ಮಾದರಿಗೆ ರಿಪೇರಿ ಕಿಟ್ ಸಿಗುತ್ತದೆಯೇ ಅಂತಲೂ ಕೇಳಿ. ಕಿಟ್ ಸಿಗುವ ರ್ಯಾಚೆಟ್‌ಗೆ ಗ್ಯಾರಂಟಿ ಇಲ್ಲದಿದ್ದರೂ ನಡೆಯುತ್ತದೆ.

ಟೂಲ್ ಮೇಲೆ ತಯಾರಕರ ಹೆಸರು, ಅಳತೆ ಅಚ್ಚೊತ್ತಿದೆಯೇ ನೋಡಿ. ಡಬ್ಬದ ಮೇಲೆ ಮಾತ್ರ ಹೆಸರಿದ್ದು ಟೂಲ್ ಮೇಲೆ ಇಲ್ಲದಿದ್ದರೆ, ನಾಳೆ ಅದು ಇವರದ್ದೇ ಅಂತ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಜರ್ಮನಿಯ ಡಿಐಎನ್ ಗುಣಮಟ್ಟದ ಸಂಖ್ಯೆ (ರಿಂಗ್–ಓಪನ್ ಜೋಡಿ ಸ್ಪ್ಯಾನರ್‌ಗಾದರೆ 3113), ಐಎಸ್‌ಒ ಸಂಖ್ಯೆ ಅಥವಾ ಅಮೆರಿಕದ ಎಎಸ್‌ಎಂಇ ಬಿ107 ಸಾಲಿನ ಉಲ್ಲೇಖ ಇದ್ದರೆ ಒಂದು ಅಂಕ ಜಾಸ್ತಿ ಕೊಡಿ. ಗ್ಯಾರಂಟಿಗಿಂತ ಈ ಸಂಖ್ಯೆಗಳೇ ಟೂಲ್ ಬಗ್ಗೆ ಹೆಚ್ಚು ಹೇಳುತ್ತವೆ.

ಹಂತ 3: ಗ್ಯಾರಂಟಿಯ ಸಣ್ಣ ಅಕ್ಷರ ಓದಿ

ಮೊದಲ ಪ್ರಶ್ನೆ: ಯಾರ ಆಯಸ್ಸು? ನಿಮ್ಮದೋ, ಟೂಲ್‌ನದೋ, ಆ ಮಾದರಿ ಮಾರುಕಟ್ಟೆಯಲ್ಲಿ ಇರುವಷ್ಟು ಕಾಲವೋ? ಅಮೆರಿಕದಲ್ಲಿ ಗ್ರಾಹಕರ ಹಿತ ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜಾಹೀರಾತುಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇದೇ ಗೊಂದಲದ ಬಗ್ಗೆ ಒಂದು ಭಾಗ ಇದೆ. ಕೊಂಡವರ ಆಯಸ್ಸನ್ನು ಬಿಟ್ಟು ಬೇರೆ ಯಾವುದರ ಆಯಸ್ಸಾದರೂ ಲೆಕ್ಕವಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು ಅನ್ನುತ್ತದೆ. ಕಾರಿನ ಸೈಲೆನ್ಸರ್‌ಗೆ ಕೊಡುವ ಲೈಫ್‌ಟೈಮ್ ಗ್ಯಾರಂಟಿ ಅದನ್ನು ಕೂರಿಸಿದ ಕಾರು ನಿಮ್ಮ ಹತ್ತಿರ ಇರುವಷ್ಟು ದಿನ ಮಾತ್ರ ಆಗಿರಬಹುದು. ಟೂಲ್‌ಗಳಲ್ಲಿ ‘ಉತ್ಪನ್ನದ ನಿರೀಕ್ಷಿತ ಬಾಳಿಕೆಯ ತನಕ’ ಅನ್ನುವ ಸಾಲು ಕಂಡರೆ ಹುಷಾರು. ಆ ಬಾಳಿಕೆ ಎಷ್ಟು ಅಂತ ಅವರೇ ತೀರ್ಮಾನಿಸುತ್ತಾರೆ.

ಎರಡನೆಯದು: ಏನು ಹೊರಗೆ? ಬಹುತೇಕ ಎಲ್ಲ ಗ್ಯಾರಂಟಿಗಳಲ್ಲೂ ಸಹಜ ಸವೆತ, ದುರ್ಬಳಕೆ, ಟೂಲ್ ರೂಪ ಬದಲಿಸಿದ್ದು ಹೊರಗಿರುತ್ತವೆ. ಕೆಲವರು ತುಕ್ಕನ್ನೂ, ವೃತ್ತಿಪರ ಬಳಕೆಯನ್ನೂ ಹೊರಗಿಡುತ್ತಾರೆ. ‘ದುರ್ಬಳಕೆ’ ಅಂದರೆ ಏನು ಅಂತ ಬಿಡಿಸಿ ಬರೆದಿರುವ ಕಂಪನಿ ನಂಬಿಕೆಗೆ ಯೋಗ್ಯ. ಬರೀ ಒಂದು ಪದ ಇಟ್ಟು ಸುಮ್ಮನಾದರೆ ಆ ಪದವನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು.

ಮೂರನೆಯದು: ಬದಲಿಸಿ ಕೊಡುವುದು ಹೇಗೆ? ಅಂಗಡಿಯಲ್ಲೇ ಕೈಗೆ ಕೈ ಕೊಡುತ್ತಾರೋ, ಕಂಪನಿಗೆ ಕಳಿಸಬೇಕೋ? ಕಳಿಸುವ ಖರ್ಚು ಯಾರದ್ದು? ಸೆಟ್‌ನ ಒಂದು ಸಾಕೆಟ್ ಹೋದರೆ ಅದೊಂದೇ ಕೊಡುತ್ತಾರೋ, ಇಡೀ ಸೆಟ್ ವಾಪಸ್ ಕೇಳುತ್ತಾರೋ? ಒಂದು ಸಾಕೆಟ್ ಕಳಿಸಲು ಆಗುವ ಖರ್ಚು ಹೊಸ ಸಾಕೆಟ್ ಬೆಲೆಯ ಹತ್ತಿರ ಬಂದರೆ, ಆ ಗ್ಯಾರಂಟಿ ಇದ್ದೂ ಇಲ್ಲದ ಹಾಗೆ. ಈ ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಬಿಲ್ ಬೇಕಾ, ಮೊದಲು ಕೊಂಡವರಿಗೆ ಮಾತ್ರವಾ, ಆನ್‌ಲೈನ್‌ನಲ್ಲಿ ನೋಂದಾಯಿಸಬೇಕಾ ಅನ್ನುವುದನ್ನೂ ನೋಡಿಕೊಳ್ಳಿ. ಕೆಲವು ಕಂಪನಿಗಳು ಬಿಲ್ಲೇ ಕೇಳುವುದಿಲ್ಲ, ಟೂಲ್ ಮೇಲಿನ ಹೆಸರು ಸಾಕು. ಕೆಲವಕ್ಕೆ ಎಲ್ಲವೂ ಬೇಕು.

ಕೊನೆಯದು: ಕೊಟ್ಟ ಮಾತು ಉಳಿಸಲು ಆ ಕಂಪನಿ ಇರುತ್ತದೆಯೇ? ಅಮೆರಿಕದ ಕ್ರಾಫ್ಟ್ಸ್‌ಮನ್ ಟೂಲ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. 1927ರಿಂದ ಸಿಯರ್ಸ್ ಅಂಗಡಿಗಳು ಮಾರಿದ ಹೆಸರು ಅದು. ಮುರಿದದ್ದನ್ನು ಅಂಗಡಿಗೆ ತಂದರೆ ಬದಲಿ ಕೊಡುತ್ತಾರೆ ಅನ್ನುವುದೇ ಅದರ ಖ್ಯಾತಿ. 2017ರಲ್ಲಿ ಆ ಹೆಸರನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕೊಂಡಿತು. 2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು, ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಕ್ರಾಫ್ಟ್ಸ್‌ಮನ್ ಕೊಂಡವರ ಅದೃಷ್ಟ, ಹೊಸ ಮಾಲೀಕರು ಗ್ಯಾರಂಟಿ ಮುಂದುವರಿಸಿದರು. ಬದಲಿಸಿಕೊಳ್ಳುವ ಜಾಗ ಮಾತ್ರ ಬದಲಾಯಿತು. ಹೆಸರೇ ಕೇಳದ, ಆನ್‌ಲೈನ್‌ನಲ್ಲಿ ಮಾತ್ರ ಕಾಣುವ ಬ್ರ್ಯಾಂಡ್ ಲೈಫ್‌ಟೈಮ್ ಗ್ಯಾರಂಟಿ ಕೊಟ್ಟರೆ, ಮುಂದಿನ ವರ್ಷ ಅದರ ಪುಟವೇ ಇಲ್ಲದಿರಬಹುದು. ಅಂಥ ಸೆಟ್ ಕೊಳ್ಳಬಾರದು ಅಂತೇನಿಲ್ಲ, ಗ್ಯಾರಂಟಿಗೆ ಬೆಲೆ ಕಟ್ಟದೆ ಕೊಳ್ಳಿ.

ಹಂತ 4: ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಪರೀಕ್ಷೆ ಮಾಡಿ

ತಂದ ಟೂಲ್ಲನ್ನು ಹಾಗೇ ಪೆಟ್ಟಿಗೆಗೆ ಹಾಕಬೇಡಿ. ಹಾಳಾದ ತುಂಡು ಬಂದಿದ್ದರೆ, ಆರು ತಿಂಗಳ ನಂತರ ಗ್ಯಾರಂಟಿ ಕೇಳುವುದಕ್ಕಿಂತ ಈಗಲೇ ವಾಪಸ್ ಮಾಡುವುದು ಸುಲಭ.

ಪ್ರತಿ ಸಾಕೆಟ್ಟನ್ನು ಅದೇ ಅಳತೆಯ, ಮೂಲೆ ಸವೆಯದ ಬೋಲ್ಟಿಗೆ ಕೂರಿಸಿ ಅಲ್ಲಾಡಿಸಿ. ಸ್ವಲ್ಪ ಆಟ ಸಹಜ, ಗಡಗಡ ಅಂದರೆ ಬೇಡ. ಸೆಟ್‌ನಲ್ಲಿ 10, 12, 13, 14, 17, 19, 21 ಮಿ.ಮೀ. ಇವೆಯೇ ನೋಡಿ. ಕಾರಿನಲ್ಲಿ ಹೆಚ್ಚು ಬೇಕಾಗುವುದು ಇವೇ. ರ್ಯಾಚೆಟ್ಟನ್ನು ಬಿಗಿಯಾಗಿರುವ ಬೋಲ್ಟ್ ಮೇಲೆ ಹಾಕಿ, ಭಾರ ಬಿಟ್ಟು ಎರಡೂ ದಿಕ್ಕಿಗೆ ನೋಡಿ. ಹಲ್ಲು ಹಾರಿದ ಸದ್ದು ಒಂದು ಸಲ ಬಂದರೂ ವಾಪಸ್ ಕೊಡಿ, ಮುಂದೆ ಸರಿಹೋಗುತ್ತೆ ಅಂತ ಕಾಯಬೇಡಿ. ಸಾಕೆಟ್ ಹಿಡಿಯುವ ಸಣ್ಣ ಗುಂಡು ಅದನ್ನು ಬೀಳದಂತೆ ಹಿಡಿಯುತ್ತಾ? ಇಕ್ಕಳ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚಿನಲ್ಲಿ ಬೆಳಕು ಕಾಣಬಾರದು.

ಎಲ್ಲವನ್ನೂ ಹರಡಿ ಒಂದು ಫೋಟೋ ತೆಗೆಯಿರಿ. ಬಿಲ್‌ನದ್ದೂ ಒಂದು ತೆಗೆಯಿರಿ. ಅಂಗಡಿಯ ಬಿಲ್‌ಗಳು ಹೆಚ್ಚಾಗಿ ಶಾಖಕ್ಕೆ ಕಪ್ಪಾಗುವ ಕಾಗದದವು. ಅಚ್ಚು ಮಾಸಿ ಒಂದೆರಡು ವರ್ಷದಲ್ಲಿ ಬಿಳಿ ಚೀಟಿ ಉಳಿಯಬಹುದು. ಆಯುಷ್ಯಪೂರ್ತಿ ಗ್ಯಾರಂಟಿಗೆ ಆಯುಷ್ಯವೇ ಇಲ್ಲದ ಬಿಲ್!

ಹಂತ 5: ಟೂಲ್ ಮುರಿಯದಂತೆ, ಗ್ಯಾರಂಟಿಯೂ ತಪ್ಪದಂತೆ ಬಳಸಿ

ಗ್ಯಾರಂಟಿ ತಿರಸ್ಕಾರಕ್ಕೆ ದಾರಿ ಮಾಡುವ ಅಭ್ಯಾಸಗಳಲ್ಲಿ ಮೊದಲನೆಯದು, ರ್ಯಾಚೆಟ್ ಹಿಡಿಗೆ ಪೈಪ್ ಏರಿಸುವುದು. ಇದರ ಲೆಕ್ಕ ನೋಡಿ. ಸಾಮಾನ್ಯ ಕಾರಿನ ಚಕ್ರದ ನಟ್‌ಗಳನ್ನು ಸುಮಾರು 90ರಿಂದ 120 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿ ಮಾಡಿರುತ್ತಾರೆ. 110 ಅಂತ ಇಟ್ಟುಕೊಳ್ಳಿ. 25 ಸೆಂ.ಮೀ. ಉದ್ದದ ಹಿಡಿಯಲ್ಲಿ ಅಷ್ಟು ಬಲ ತರಲು ತುದಿಯಲ್ಲಿ ಸುಮಾರು 45 ಕಿಲೋ ಭಾರದಷ್ಟು ಒತ್ತಬೇಕು. 60 ಸೆಂ.ಮೀ. ಬ್ರೇಕರ್ ಬಾರ್‌ನಲ್ಲಿ (ಬಿಗಿ ನಟ್ ಸಡಿಲಿಸುವ ಉದ್ದ ಹಿಡಿ) 19 ಕಿಲೋ ಸಾಕು. ತುಕ್ಕು ಹಿಡಿದಿದ್ದರೆ ಎರಡಕ್ಕೂ ಇನ್ನಷ್ಟು ಬೇಕು. ಈಗ ರ್ಯಾಚೆಟ್‌ಗೆ ಪೈಪ್ ಸೇರಿಸಿ ಒಂದು ಮೀಟರ್ ಉದ್ದ ಮಾಡಿ, 60 ಕಿಲೋ ತೂಕದವರು ಅದರ ತುದಿಯಲ್ಲಿ ನಿಂತರೆ 590 ನ್ಯೂಟನ್ ಮೀಟರ್ ಹತ್ತಿರ ಹೋಗುತ್ತದೆ. ಅಷ್ಟನ್ನೂ ತಡೆಯಬೇಕಾದ್ದು ಒಳಗಿನ ಸಣ್ಣ ಪಾಲ್ ಮತ್ತು ಕೆಲವೇ ಹಲ್ಲುಗಳು. 3/8 ಇಂಚಿನ (ಸಾಕೆಟ್ ಕೂರುವ ಚೌಕದ ಅಳತೆ) ರ್ಯಾಚೆಟ್ಟನ್ನು ಇದಕ್ಕೆಂದು ಮಾಡಿಲ್ಲ.

ಬ್ರೇಕರ್ ಬಾರ್‌ನಲ್ಲಿ ಹಲ್ಲೇ ಇಲ್ಲ, ಹಾಳಾಗೋಕೆ ಒಳಗೆ ಏನೂ ಇಲ್ಲ. ಬಿಗಿಯಾದದ್ದನ್ನು ಅದರಿಂದ ಸಡಿಲಿಸಿ, ಆಮೇಲೆ ರ್ಯಾಚೆಟ್ ಹಾಕಿ ತಿರುಗಿಸಿ ತೆಗೆಯಿರಿ. ಈ ಒಂದು ಅಭ್ಯಾಸ ರ್ಯಾಚೆಟ್ಟನ್ನು ಉಳಿಸುವಷ್ಟು ಯಾವ ಗ್ಯಾರಂಟಿಯೂ ಉಳಿಸುವುದಿಲ್ಲ. ಕಚ್ಚಿಕೊಂಡ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಹಾಕಿ ಸ್ವಲ್ಪ ಹೊತ್ತು ಬಿಡಿ. ಚಕ್ರದ ನಟ್‌ಗಳನ್ನು, ಚಕ್ರ ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಹಾಕಿ.

ಸ್ಕ್ರೂ ಡ್ರೈವರನ್ನು ಉಳಿಯ ಹಾಗೆ, ಮೀಟುಗೋಲಿನ ಹಾಗೆ ಬಳಸುವುದು ಎರಡನೆಯದು. ಎಲ್ಲರೂ ಮಾಡುತ್ತಾರೆ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಅದಕ್ಕೊಂದು ಹಳೆಯ ಸ್ಕ್ರೂ ಡ್ರೈವರ್ ಮೀಸಲಿಟ್ಟುಬಿಡಿ, ಅದರ ಮೇಲೆ ಗ್ಯಾರಂಟಿ ಆಸೆ ಬೇಡ. ಹಾಗೇ, ಜಪಾನ್ ಗಾಡಿಗಳಲ್ಲಿ ಬರುವ ಪ್ಲಸ್ ಸ್ಕ್ರೂಗಳು ಕೆಲವು ಸಲ ಜೆಐಎಸ್ (ಜಪಾನಿನ ಗುಣಮಟ್ಟ) ಮಾದರಿಯವು. ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ. ಅದಕ್ಕೆ ಫಿಲಿಪ್ಸ್ (ಸಾಮಾನ್ಯ ಪ್ಲಸ್) ಡ್ರೈವರ್ ಹಾಕಿದರೆ ಸರಿಯಾಗಿ ಕೂರದೆ ಜಾರುತ್ತದೆ. ಸ್ಕ್ರೂ ತಲೆಯೂ ಹಾಳು, ಡ್ರೈವರ್ ತುದಿಯೂ ಹಾಳು. ಟೂಲ್ ಕಳಪೆ ಅಂತ ಬೈಯುವ ಮುಂಚೆ ಆ ಚುಕ್ಕಿ ಹುಡುಕಿ.

ಅಡ್ಜಸ್ಟಬಲ್ ಸ್ಪ್ಯಾನರ್ ಬಳಸುವಾಗ ಎಳೆತದ ಭಾರ ಅಲ್ಲಾಡದ ದವಡೆಯ ಮೇಲೆ ಬೀಳುವಂತೆ ಹಿಡಿಯಿರಿ. ಸಂದಿಗೆ ಹೋಗುತ್ತಿಲ್ಲ ಅಂತ ಸ್ಪ್ಯಾನರನ್ನು ಗ್ರೈಂಡರ್‌ಗೆ ಹಿಡಿದು ತೆಳು ಮಾಡಿದರೆ ಗ್ಯಾರಂಟಿ ಹೋಯಿತು. ಜೊತೆಗೆ ಉಜ್ಜಿದ ಜಾಗ ನೀಲಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಹದವೂ ಹೋಗಿರಬಹುದು. ಕೆಂಪಗೆ ಕಾಯಿಸಿದ ನಟ್ ಮೇಲೆ ಕ್ರೋಮ್ ಸಾಕೆಟ್ ಕೂರಿಸಿ ಬಿಡುವುದೂ ಅಷ್ಟೇ.

ಟಾರ್ಕ್ ರೆಂಚ್‌ಗೆ ಬೇರೆಯೇ ನಿಯಮ. ಬಿಚ್ಚೋಕೆ ಅದನ್ನು ಬಳಸಬೇಡಿ, ಬಿಗಿ ಮಾಡೋಕೆ ಮಾತ್ರ. ಕೆಲಸ ಮುಗಿದ ಮೇಲೆ ಅಳತೆಯನ್ನು ಸ್ಕೇಲಿನ ಕನಿಷ್ಠಕ್ಕೆ ಇಳಿಸಿಡಿ, ಅದಕ್ಕೂ ಕೆಳಗೆ ಪೂರ್ತಿ ಬಿಚ್ಚಬೇಡಿ. ಐಎಸ್‌ಒ 6789 ಗುಣಮಟ್ಟದ ಪ್ರಕಾರ, ಕಾರಿನ ಕೆಲಸಕ್ಕೆ ಬಳಸುವ ಸಾಮಾನ್ಯ ಕ್ಲಿಕ್ ರೆಂಚ್ ಶೇ 4ರ ಒಳಗೆ ನಿಖರವಾಗಿರಬೇಕು. ಅಂದರೆ 100ಕ್ಕೆ ಇಟ್ಟರೆ 96ರಿಂದ 104ರ ನಡುವೆ ಕ್ಲಿಕ್ ಆಗಬೇಕು. ತಯಾರಕರು ಬೇರೆ ಹೇಳದಿದ್ದರೆ 12 ತಿಂಗಳಿಗೊಮ್ಮೆ ಅಥವಾ 5000 ಕ್ಲಿಕ್‌ಗೊಮ್ಮೆ ಪರೀಕ್ಷೆ ಆಗಬೇಕು ಅನ್ನುವುದು ರೂಢಿ. ಮನೆಯಲ್ಲಿ 5000 ಕ್ಲಿಕ್ ಯಾವ ಕಾಲಕ್ಕೂ ಆಗುವುದಿಲ್ಲ ಬಿಡಿ. ಆದರೆ ಅದು ನೆಲಕ್ಕೆ ಬಿದ್ದರೆ ಕ್ಲಿಕ್ ಲೆಕ್ಕ ಬಿಟ್ಟು ಪರೀಕ್ಷೆ ಮಾಡಿಸಿ.

ಜಾಕ್ ಮತ್ತು ಸ್ಟ್ಯಾಂಡ್ ಬಗ್ಗೆ ಇಲ್ಲೇ ಒಂದು ಮಾತು. ಇವು ಕೈ ಟೂಲ್‌ಗಳಲ್ಲ, ಆದರೆ ಜನ ಇವಕ್ಕೂ ಗ್ಯಾರಂಟಿ ನೋಡಿ ಕೊಳ್ಳುತ್ತಾರೆ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ 3 ಟನ್ ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡಿತು, ಭಾರ ಬಿದ್ದಾಗ ಹಲ್ಲು ಬಿಟ್ಟು ಕುಸಿಯಬಹುದು ಅನ್ನುವ ಕಾರಣಕ್ಕೆ. ಬದಲಿಗೆ ಕೊಟ್ಟವುಗಳಲ್ಲೂ ಕೆಲವನ್ನು ಅದೇ ವರ್ಷ ವೆಲ್ಡಿಂಗ್ ದೋಷಕ್ಕಾಗಿ ಮತ್ತೆ ಕರೆಸಿಕೊಳ್ಳಬೇಕಾಯಿತು. ಸ್ಟ್ಯಾಂಡ್ ವಿಷಯದಲ್ಲಿ ಬದಲಿ ಸಿಗುತ್ತದೆ ಅನ್ನುವುದು ಸಮಾಧಾನವೇ ಅಲ್ಲ. ಮಾದರಿ ಸಂಖ್ಯೆ ಹಿಡಿದು ವಾಪಸಾತಿ ಪಟ್ಟಿಯಲ್ಲಿ ಇದೆಯೇ ಅಂತ ಹುಡುಕಿ ನೋಡಿ. ಸ್ಟ್ಯಾಂಡ್ ಕುಸಿದರೂ ಕಾರು ಪೂರ್ತಿ ನೆಲಕ್ಕೆ ಬೀಳದಂತೆ, ಬಿಚ್ಚಿದ ಚಕ್ರವನ್ನು ಕಾರಿನ ಕೆಳಗೆ ಮಲಗಿಸಿಡಿ.

ಹಂತ 6: ಒರೆಸಿ, ಒಣಗಿಸಿ ಇಡಿ

ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲ ಹಾಕಿ. ಪ್ಲಾಸ್ಟಿಕ್ ಹಿಡಿಗಳ ಮೇಲೆ ಬ್ರೇಕ್ ಕ್ಲೀನರ್ ಸಿಂಪಡಿಸಬೇಡಿ, ಕೆಲವು ಪ್ಲಾಸ್ಟಿಕ್‌ಗಳು ಬಿರುಕು ಬಿಡುತ್ತವೆ. ತುಕ್ಕು ತೆಗೆಯೋಕೆ ಟೂಲ್‌ಗಳನ್ನು ರಾತ್ರಿಯಿಡೀ ಆಮ್ಲದಲ್ಲಿ ನೆನೆಸುವ ಉಪಾಯ ಕೇಳಿರುತ್ತೀರಿ. ಗಡಸು ಮಾಡಿದ ಉಕ್ಕಿಗೆ ಅದು ಒಳ್ಳೆಯದಲ್ಲ. ಆಮ್ಲದಿಂದ ಬರುವ ಹೈಡ್ರೋಜನ್ ಲೋಹದೊಳಗೆ ಸೇರಿ ಅದನ್ನು ಪೆಡಸು ಮಾಡಬಹುದು. ತಂತಿ ಬ್ರಷ್ ಮತ್ತು ಎಣ್ಣೆ ಸಾಕು. ಕ್ರೋಮ್ ಲೇಪನ ಸಿಪ್ಪೆ ಏಳುತ್ತಿದ್ದರೆ ಕೈಯಿಂದ ಕೀಳಬೇಡಿ, ಆ ಚೂರುಗಳು ಬ್ಲೇಡಿನಷ್ಟು ಚೂಪು. ಲೇಪನ ಏಳುವುದನ್ನು ತಯಾರಿಕೆ ದೋಷ ಅಂತ ಒಪ್ಪುವ ಕಂಪನಿಗಳೂ ಇವೆ, ಕೇಳಿ ನೋಡಿ.

ರ್ಯಾಚೆಟ್‌ಗೆ ಆಗಾಗ ಒಂದೆರಡು ಹನಿ ತೆಳು ಎಣ್ಣೆ. ದಪ್ಪ ಗ್ರೀಸ್ ತುಂಬಿದರೆ ಚಳಿಯಲ್ಲಿ ಪಾಲ್ ಅಂಟಿಕೊಂಡು ಹಲ್ಲು ಹಾರುತ್ತದೆ.

ಹಂತ 7: ಮುರಿದಾಗ ಕೇಳುವ ಕ್ರಮ

ಮುರಿದ ಟೂಲ್ಲನ್ನು ಹಾಗೇ ಎತ್ತಿಡಿ. ವೆಲ್ಡ್ ಮಾಡಿಸಬೇಡಿ, ಅರ ಹಾಕಬೇಡಿ, ಚೂರುಗಳನ್ನೂ ಎಸೆಯಬೇಡಿ. ಮುರಿದ ಮುಖವೇ ನಿಮ್ಮ ಸಾಕ್ಷಿ. ಗ್ರೀಸ್ ಒರೆಸಿ, ಅಚ್ಚೊತ್ತಿದ ಹೆಸರು ಕಾಣುವಂತೆ ಒಂದು ಫೋಟೋ, ಮುರಿದ ಜಾಗದ್ದು ಹತ್ತಿರದಿಂದ ಇನ್ನೊಂದು ತೆಗೆಯಿರಿ.

ಪತ್ರದಲ್ಲಿ ಮೂರು ವಿಷಯ ಸಾಕು: ಯಾವ ಟೂಲ್, ಯಾವ ಬೋಲ್ಟ್ ಮೇಲೆ ಇತ್ತು, ಹೇಗೆ ಮುರಿಯಿತು. ನಿಜ ಬರೆಯಿರಿ. ಪೈಪ್ ಹಾಕಿದ್ದರೆ ಅದರ ಗುರುತು ಹಿಡಿಯ ಮೇಲೆ ಉಳಿದಿರುತ್ತದೆ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೆಲವು ಸಲ ಫೋಟೋ ನೋಡಿಯೇ ಬದಲಿ ಕಳಿಸುತ್ತಾರೆ, ಹಳೆಯದನ್ನು ಕೇಳುವುದೂ ಇಲ್ಲ.

ಸಿಗುವ ಬದಲಿ ಹೊಸದೇ ಆಗಿರಬೇಕೆಂದಿಲ್ಲ. ರ್ಯಾಚೆಟ್ ಆದರೆ ಒಳಗಿನ ಭಾಗ ಬದಲಿಸಿ ಅದೇ ಹಿಡಿ ವಾಪಸ್ ಕೊಡಬಹುದು, ಅಥವಾ ರಿಪೇರಿ ಮಾಡಿದ ಇನ್ನೊಂದು ಕೊಡಬಹುದು. ಮಾದರಿ ನಿಂತುಹೋಗಿದ್ದರೆ ‘ಸಮಾನ’ ಟೂಲ್ ಕೊಡುತ್ತಾರೆ. ಅದು ಸಮಾನವೋ ಅಲ್ಲವೋ ಅಂತ ಹಂತ 4ರ ಪರೀಕ್ಷೆ ಮತ್ತೆ ಮಾಡಿ. ಬದಲಿ ಟೂಲ್‌ಗೂ ಅದೇ ಗ್ಯಾರಂಟಿ ಮುಂದುವರಿಯುತ್ತದೆಯೇ ಅಂತ ಬರಹದಲ್ಲಿ ಕೇಳಿ.

ಹಳೆಯ ಟೂಲ್ ಕೊಳ್ಳುವುದಾದರೆ

ಗ್ಯಾರಂಟಿ ಆಸೆ ಬಿಟ್ಟರೆ ಬಳಸಿದ ಟೂಲ್‌ಗಳು ಒಳ್ಳೆಯ ವ್ಯಾಪಾರ. ಒಳ್ಳೆಯ ಹೆಸರಿನ ಹಳೆಯ ರಿಂಗ್ ಸ್ಪ್ಯಾನರ್, ಬ್ರೇಕರ್ ಬಾರ್, ಸುತ್ತಿಗೆ ಇವನ್ನು ಕಣ್ಣಿನ ಪರೀಕ್ಷೆಯಲ್ಲೇ ಕೊಳ್ಳಬಹುದು. ಓಪನ್ ಸ್ಪ್ಯಾನರ್ ಆದರೆ ಒಂದು ಹೊಸ ಬೋಲ್ಟ್ ಜೇಬಲ್ಲಿಟ್ಟುಕೊಂಡು ಹೋಗಿ, ಬಾಯಿ ಅಗಲವಾಗಿದೆಯಾ ನೋಡಿ. ರ್ಯಾಚೆಟ್‌ಗೆ ಕಿಟ್ ಸಿಗುವ ಮಾದರಿಯಾದರೆ ತೆಗೆದುಕೊಳ್ಳಿ. ಟಾರ್ಕ್ ರೆಂಚ್ ಬೇಡ, ಪರೀಕ್ಷೆ ಮಾಡಿಸುವ ಖರ್ಚು ಸೇರಿಸಿದರೆ ಹೊಸದರ ಹತ್ತಿರ ಹೋಗುತ್ತದೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನ ಕೆಲಸಕ್ಕೆಂದು ಮಾಡಿದ, 1000 ವೋಲ್ಟ್ ಗುರುತಿನ ಇನ್ಸುಲೇಟೆಡ್ ಟೂಲ್‌ಗಳನ್ನಂತೂ ಬಳಸಿದ್ದು ಕೊಳ್ಳಲೇಬೇಡಿ. ಆ ಹೊದಿಕೆಯ ಮೇಲೆ ಒಂದು ಸಣ್ಣ ಸೀಳಿದ್ದರೂ ಟೂಲ್ ಕಸಕ್ಕೆ.

ಬಿರುಕು ಬಿಟ್ಟ ಸಾಕೆಟ್‌ಗೆ ಬದಲಿ ಸಿಗದಿದ್ದರೆ ‘ಸಣ್ಣ ಕೆಲಸಕ್ಕೆ ಇರಲಿ’ ಅಂತ ಪೆಟ್ಟಿಗೆಗೆ ವಾಪಸ್ ಹಾಕಬೇಡಿ. ಅವಸರದಲ್ಲಿ ಕೈಗೆ ಸಿಗುವುದು ಅದೇ. ಗುಜರಿ ಕಬ್ಬಿಣದ ಡಬ್ಬಕ್ಕೆ ಹಾಕಿ, ಆ ಅಳತೆಯದ್ದು 6 ಮೂಲೆಯ ಇಂಪ್ಯಾಕ್ಟ್ ಸಾಕೆಟ್ ಒಂದನ್ನು ಬಿಡಿಯಾಗಿ ತಂದಿಟ್ಟುಕೊಳ್ಳಿ.